ಕಡಲಾಚೆಯಿಂದ ಬಂದ ಅಂಜುಬುರುಕ ನಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿಯ ಅಂಕಣಕ್ಕೆ ಆರಿಸಿಕೊಂಡ ಪತ್ರಗಳೆಲ್ಲವೂ ಒಂದೇ ವಿಷಯಕ್ಕೆ ಸಂಬಂಧಿಸಿದವು: ಬೇರೆ ದೇಶದ ಆಶ್ರಯತಾಣದಿಂದ ಬರುವ, ಮನುಷ್ಯರನ್ನು ಕಂಡರೆ ಹಿಂಜರಿಯುವ ನಾಯಿಯನ್ನು ದತ್ತು ಪಡೆಯುವುದು.

ಪ್ರಶ್ನೆ: ನಾನೂ ನನ್ನ ಪತಿಯೂ ಹೊರದೇಶದ ಆಶ್ರಯತಾಣವೊಂದರಲ್ಲಿರುವ ಎರಡು ವರ್ಷದ ಹೆಣ್ಣುನಾಯಿಯನ್ನು ದತ್ತು ಪಡೆಯಬೇಕೆಂದಿದ್ದೇವೆ. ನಮ್ಮ ಕೈಯಲ್ಲಿರುವುದು ನಾಲ್ಕು ಫೋಟೊ ಮತ್ತು ನಲವತ್ತು ಸೆಕೆಂಡಿನ ಒಂದು ವಿಡಿಯೊ ಮಾತ್ರ. 'ಸ್ವಲ್ಪ ನಾಚಿಕೆ ಸ್ವಭಾವ, ಪ್ರೀತಿ ಸಿಕ್ಕರೆ ಅರಳುತ್ತಾಳೆ' ಎಂದು ವಿವರಣೆಯಲ್ಲಿ ಬರೆದಿದ್ದಾರೆ. ಯಾರೋ ಹಿಂದೆ ಚೆನ್ನಾಗಿ ಹೊಡೆದಿರಬೇಕು ಎಂದು ನೋಡಿದ ಕೂಡಲೇ ನನಗೆ ಅನ್ನಿಸಿತು. ಇಷ್ಟರ ಮೇಲೆ ನಿರ್ಧಾರ ಮಾಡಬಹುದೇ?

ಉತ್ತರ: ಇಷ್ಟರ ಮೇಲೆ ಬೇಡ. ಮೊದಲು ಆ ಹೊಡೆತದ ವಿಚಾರವನ್ನೇ ನೋಡೋಣ. ಹೆದರುವ ನಾಯಿಯನ್ನು ಕಂಡ ಕೂಡಲೇ ಯಾರೋ ಹಿಂಸಿಸಿದ್ದಾರೆ ಎಂದು ಊಹಿಸುವುದು ನಮ್ಮೆಲ್ಲರ ಅಭ್ಯಾಸ. ಹಾಗೆ ಆಗಿರಲೂಬಹುದು, ಆದರೆ ಯಾರಿಂದಲೂ ಒಂದು ಪೆಟ್ಟನ್ನೂ ತಿನ್ನದ ನಾಯಿಗಳು ಇದೇ ರೀತಿ ಹೆದರುತ್ತವೆ, ಏಕೆಂದರೆ ಕಲಿಯಬೇಕಾದ ವಯಸ್ಸಿನಲ್ಲಿ ಅವು ಮನುಷ್ಯರನ್ನು ಹತ್ತಿರದಿಂದ ನೋಡಿಯೇ ಇರುವುದಿಲ್ಲ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ನಡೆದು 1961ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬೇಲಿ ಹಾಕಿದ ವಿಶಾಲ ಬಯಲಿನಲ್ಲಿ ತಾಯಿಯೊಡನೆ ಬೆಳೆದ ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಮನುಷ್ಯರ ಜೊತೆ ಇರಿಸಿದರು. ಹದಿನಾಲ್ಕು ವಾರಗಳವರೆಗೆ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಮರಿಗಳು ಆಮೇಲೆ ಕಾಡುಪ್ರಾಣಿಗಳಂತೆಯೇ ವರ್ತಿಸಿದವು. ಅವುಗಳಿಗೆ ಯಾರೂ ಕೇಡು ಮಾಡಿರಲಿಲ್ಲ. ಸುಮಾರು ಮೂರನೆಯ ವಾರದಿಂದ ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ ತೆರೆದಿರುವ ಬಾಗಿಲೊಂದು ಅವುಗಳ ಪಾಲಿಗೆ ಮುಚ್ಚಿಹೋಗಿತ್ತು, ಅಷ್ಟೆ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವಿದೆ. ಹೊಡೆತ ತಿಂದ ನಾಯಿ ಎಂದುಕೊಂಡರೆ, ಪ್ರೀತಿ ತೋರಿಸಿದ ಮೇಲೆ ಅದು ಮೊದಲಿನಂತೆ ಆಗುತ್ತದೆ ಎಂಬ ನಿರೀಕ್ಷೆ ಬೆನ್ನಿಗೇ ಬರುತ್ತದೆ. ಬಾಲ್ಯದಲ್ಲಿ ಮನುಷ್ಯರ ಪರಿಚಯವೇ ಆಗದ ನಾಯಿಗೆ ಮರಳಿ ಹೋಗಲು ಅಂಥ 'ಮೊದಲು' ಎಂಬುದಿಲ್ಲ. ಅದು ಕಲಿಯುತ್ತದೆ, ನಿಜ. ಆದರೆ ಒಬ್ಬೊಬ್ಬ ವ್ಯಕ್ತಿಯನ್ನು, ಒಂದೊಂದು ಜಾಗವನ್ನು, ಒಂದೊಂದು ಸದ್ದನ್ನು ಬಿಡಿಬಿಡಿಯಾಗಿ ಕಲಿಯುತ್ತದೆ. ಹುಟ್ಟಿನಿಂದ ಬಂದ ಅಂಜಿಕೆಯೂ ಇದರ ಜೊತೆಗೆ ಸೇರಿರಬಹುದು.

ಈಗ ಆ ನಲವತ್ತು ಸೆಕೆಂಡುಗಳ ವಿಡಿಯೊವನ್ನು ಧ್ವನಿ ನಿಲ್ಲಿಸಿ ಇನ್ನೊಮ್ಮೆ ನೋಡಿ, ಏಕೆಂದರೆ ಚಿತ್ರೀಕರಿಸುವವರ ಮುದ್ದಿನ ಮಾತು ನಮ್ಮ ಕಣ್ಣನ್ನು ತಪ್ಪಿಸುತ್ತದೆ. ಸವರುವ ಕೈಯ ಕೆಳಗೆ ನಾಯಿ ಏನು ಮಾಡುತ್ತಿದೆ? ಕಿವಿಗಳು ತಲೆಗೆ ಅಂಟಿಕೊಂಡಿವೆಯೇ, ಮೈಭಾರ ಕೈಯಿಂದ ಆಚೆಗೆ ವಾಲಿದೆಯೇ, ತಿನ್ನಲು ಏನೂ ಇಲ್ಲದಿದ್ದರೂ ನಾಲಿಗೆ ಮೂಗಿನ ತುದಿಯನ್ನು ಮುಟ್ಟಿ ಒಳಸೇರುತ್ತಿದೆಯೇ, ಕಣ್ಣಿನ ಅಂಚಿನ ಬಿಳಿ ಕಾಣುತ್ತಿದೆಯೇ? 'ಎಷ್ಟು ಶಾಂತವಾಗಿ ಮುಟ್ಟಿಸಿಕೊಳ್ಳುತ್ತಾಳೆ' ಎಂದು ಹೇಳಲಾಗುವ ನಾಯಿಗಳಲ್ಲಿ ಅನೇಕವು ಶಾಂತವಾಗಿರುವುದಿಲ್ಲ, ಭಯದಿಂದ ಮರಗಟ್ಟಿರುತ್ತವೆ. ನಾಚಿಕೆ ಎಂಬ ಒಂದೇ ಪದದೊಳಗೆ, ಐದು ನಿಮಿಷ ದೂರ ನಿಂತು ಆಮೇಲೆ ಮೂಸಲು ಬರುವ ನಾಯಿಯೂ, ಮುಟ್ಟಿದರೆ ಕಲ್ಲಾಗುವ ನಾಯಿಯೂ, ಮೂಲೆಗೆ ಸಿಕ್ಕಿಸಿದರೆ ಕಚ್ಚುವ ನಾಯಿಯೂ ಇರಬಹುದು. ನಿಮಗೆ ಬರುವುದು ಯಾವುದು ಎಂಬುದನ್ನು ಈಗಲೇ ಕೇಳಿ ತಿಳಿಯಬೇಕು.

ಇನ್ನಷ್ಟು ವಿಡಿಯೊಗಳನ್ನು ಕೇಳಿ: ಅಪರಿಚಿತರೊಬ್ಬರು ಒಳಬಂದಾಗ, ಕೊರಳಿಗೆ ಪಟ್ಟಿ ಹಾಕುವಾಗ, ಮನುಷ್ಯರ ಎದುರಿನಲ್ಲಿ ತಿನ್ನುವಾಗ, ಮುಖ್ಯವಾಗಿ ಜೊತೆಯ ನಾಯಿಗಳಿಲ್ಲದೆ ಒಂಟಿಯಾಗಿರುವಾಗ ತೆಗೆದದ್ದು. ಗುಂಪಿನಲ್ಲಿ ಧೈರ್ಯವಾಗಿರುವ ನಾಯಿ ನಾಲ್ಕು ಗೋಡೆಗಳ ನಡುವೆ ಒಂಟಿಯಾದಾಗ ಕುಸಿದುಹೋಗಬಹುದು. ನಾಯಿಯನ್ನು ನಿಮ್ಮ ದೇಶಕ್ಕೆ ತಂದು ಮೊದಲು ತಾತ್ಕಾಲಿಕ ಪೋಷಕರ ಮನೆಯಲ್ಲಿ ಇರಿಸುವ ಸಂಸ್ಥೆಯಾಗಿದ್ದರೆ, ಅದನ್ನು ಎರಡು ಮೂರು ಬಾರಿ ಹೋಗಿ ನೋಡಿದ ಮೇಲೆ ಒಪ್ಪಿಕೊಳ್ಳಿ. ಫೋಟೊ ನೋಡಿ ನೇರವಾಗಿ ಮನೆಬಾಗಿಲಿಗೆ ತರಿಸುವುದಕ್ಕಿಂತ ಇದು ಎಷ್ಟೋ ಮೇಲು. ಹೊಂದಿಕೆಯಾಗದಿದ್ದರೆ ನಾಯಿಯನ್ನು ಯಾರು, ಎಲ್ಲಿ ಹಿಂದಕ್ಕೆ ಪಡೆಯುತ್ತಾರೆ ಎಂಬುದು ಲಿಖಿತವಾಗಿರಲಿ. ಈ ಪ್ರಶ್ನೆಗೆ ಮುಖ ಸಿಂಡರಿಸುವ ಸಂಸ್ಥೆಯ ಸಹವಾಸ ಬೇಡ.

ಪ್ರಶ್ನೆ: 'ಎಲ್ಲ ಲಸಿಕೆ ಆಗಿದೆ, ರಕ್ತಪರೀಕ್ಷೆ ನೆಗೆಟಿವ್ ಬಂದಿದೆ' ಎಂದು ಆಶ್ರಯತಾಣದವರು ತಿಳಿಸಿದ್ದಾರೆ. ಇನ್ನೇನನ್ನು ನೋಡಬೇಕು?

ಉತ್ತರ: ದಿನಾಂಕಗಳನ್ನು ನೋಡಬೇಕು. ನಿಯಮಗಳು ನಾಯಿ ಹೊರಡುವ ದೇಶ ಮತ್ತು ಸೇರುವ ದೇಶಗಳೆರಡನ್ನೂ ಅವಲಂಬಿಸಿ ಬದಲಾಗುವುದರಿಂದ, ಸೇರುವ ದೇಶದ ಸರ್ಕಾರಿ ಪಶುವೈದ್ಯ ಇಲಾಖೆಯ ಮಾತೇ ಅಂತಿಮ. ಆದರೂ ಕೆಲವು ಸಂಗತಿಗಳು ತಿಳಿದಿದ್ದರೆ ಸುಳ್ಳು ಕಾಗದ ಬೇಗ ಕಣ್ಣಿಗೆ ಬೀಳುತ್ತದೆ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಚರ್ಮದಡಿ ಗುರುತಿನ ಮೈಕ್ರೋಚಿಪ್ ಅಳವಡಿಸಿದ ನಂತರ ಕೊಟ್ಟ ರೇಬೀಸ್ ಲಸಿಕೆಗೆ ಮಾತ್ರ ಬೆಲೆ. ಲಸಿಕೆಗೆ ಕನಿಷ್ಠ 12 ವಾರ ವಯಸ್ಸಾಗಿರಬೇಕು ಮತ್ತು ಮೊದಲ ಲಸಿಕೆಯ ಬಳಿಕ 21 ದಿನ ಕಾಯಬೇಕು. ಹಾಗಾಗಿ ಹತ್ತು ವಾರದ ಮರಿಯನ್ನು ಈ ದಾರಿಯಲ್ಲಿ ಕಳಿಸಿಕೊಡುತ್ತೇವೆ ಎನ್ನುವವರ ಲೆಕ್ಕ ಎಲ್ಲೋ ತಪ್ಪಿದೆ ಎಂದೇ ಅರ್ಥ. ರೇಬೀಸ್ ಅಪಾಯ ಹೆಚ್ಚಿರುವ ದೇಶಗಳಿಂದ ಬರುವುದಾದರೆ, ಪ್ರತಿ ಮಿಲಿಲೀಟರ್ ರಕ್ತದ್ರವದಲ್ಲಿ ಕನಿಷ್ಠ 0.5 ಅಂತರರಾಷ್ಟ್ರೀಯ ಘಟಕದಷ್ಟು ಪ್ರತಿಕಾಯವಿದೆ ಎಂದು ತೋರಿಸುವ ಪರೀಕ್ಷೆಯೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆಯೂ ಸೇರಿಕೊಳ್ಳುತ್ತವೆ. ಅಮೆರಿಕವು 2024ರ ಆಗಸ್ಟ್ 1ರಿಂದ ಆರು ತಿಂಗಳಿಗಿಂತ ಚಿಕ್ಕ ನಾಯಿಗಳಿಗೆ ಪ್ರವೇಶ ನೀಡುತ್ತಿಲ್ಲ. ಬ್ರಿಟನ್, ಐರ್ಲೆಂಡ್, ಫಿನ್ಲೆಂಡ್, ಮಾಲ್ಟಾ, ನಾರ್ವೆಗಳಿಗೆ ಹೋಗುವ ನಾಯಿಗೆ ಪ್ರವೇಶಕ್ಕೆ 24ರಿಂದ 120 ಗಂಟೆಗಳ ಮೊದಲು ಲಾಡಿಹುಳುವಿನ ಔಷಧಿ ಕೊಟ್ಟಿರಬೇಕು. ಇದೆಲ್ಲ ಕಿರಿಕಿರಿ ಎನಿಸಿದರೆ, 2000ನೆಯ ಇಸವಿಯವರೆಗೂ ಬ್ರಿಟನ್ ಹೊರಗಿನಿಂದ ಬಂದ ಬಹುತೇಕ ನಾಯಿಗಳನ್ನು ಆರು ತಿಂಗಳು ಪ್ರತ್ಯೇಕವಾಗಿ ಕೂಡಿಹಾಕುತ್ತಿತ್ತು ಎಂಬುದನ್ನು ನೆನೆಯಬಹುದು.

ಇನ್ನು ಆ 'ನೆಗೆಟಿವ್' ಎಂಬ ಮಾತು. ಸೊಳ್ಳೆಯಿಂದ ಬರುವ ಹಾರ್ಟ್‌ವರ್ಮ್ ಎಂಬ ಹುಳು ಸಾಮಾನ್ಯ ಪರೀಕ್ಷೆಗೆ ಸಿಗಬೇಕಾದರೆ ಸೋಂಕು ತಗುಲಿ ಸುಮಾರು ಆರು ತಿಂಗಳಾಗಿರಬೇಕು. ಆದ್ದರಿಂದ ನಾಯಿ ಬಂದು ಆರು ತಿಂಗಳಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಮೆಡಿಟರೇನಿಯನ್ ಸುತ್ತಮುತ್ತ ಸಾಮಾನ್ಯವಾದ, ಮರಳುನೊಣದ ಕಡಿತದಿಂದ ಹರಡುವ ಲೀಶ್ಮೇನಿಯಾಸಿಸ್ ಎಂಬ ರೋಗ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಅಡಗಿದ್ದು ಆಮೇಲೆ ಕಾಣಿಸಿಕೊಳ್ಳುತ್ತದೆ. ಔಷಧಿಯಿಂದ ಹತೋಟಿಗೆ ಬಂದರೂ ಜೀವನಪೂರ್ತಿ ಗಮನ ಬೇಕು. ಬ್ರುಸೆಲ್ಲಾ ಕ್ಯಾನಿಸ್ ಎಂಬ ಬ್ಯಾಕ್ಟೀರಿಯಾ ಮನುಷ್ಯರಿಗೂ ತಗುಲಬಲ್ಲದು, ನಾಯಿಯನ್ನು ಅದರಿಂದ ಪೂರ್ತಿ ಬಿಡಿಸುವ ಖಚಿತ ಚಿಕಿತ್ಸೆಯೂ ಇಲ್ಲ. ಹೊರಡುವ ಮುನ್ನವೇ ಪರೀಕ್ಷೆಯಾಗಿರಲಿ, ಮನೆಯಲ್ಲಿ ಗರ್ಭಿಣಿಯರಾಗಲಿ ರೋಗನಿರೋಧಕ ಶಕ್ತಿ ಕುಂದಿದವರಾಗಲಿ ಇದ್ದರೆ ವೈದ್ಯರ ಸಲಹೆಯನ್ನೂ ಪಡೆಯಿರಿ. ಇದೆಲ್ಲಕ್ಕೂ ನಾಚಿಕೆಗೂ ಏನು ಸಂಬಂಧ ಎಂದರೆ, ಮೈನೋವಿರುವ ನಾಯಿ, ಕಿವಿ ಸೋರುವ ನಾಯಿ, ಉಣ್ಣಿಜ್ವರದ ನಾಯಿ ಕೂಡ ಮೂಲೆ ಹಿಡಿದೇ ಕೂರುತ್ತದೆ.

ಪ್ರಶ್ನೆ: ನಮ್ಮ ನಾಯಿ ಎರಡು ದಿನ ವ್ಯಾನಿನಲ್ಲಿ ಪ್ರಯಾಣ ಮಾಡಿ ಬಂದು ಇಂದಿಗೆ ಹನ್ನೊಂದು ದಿನ. ಅಂದಿನಿಂದ ಸೋಫಾದ ಹಿಂದಿನ ಮೂಲೆ ಬಿಟ್ಟಿಲ್ಲ. ನಾವೆಲ್ಲ ಮಲಗಿದ ಮೇಲೆ ತಿನ್ನುತ್ತದೆ, ಕೋಣೆಯಲ್ಲೇ ಉಚ್ಚೆ ಹೊಯ್ಯುತ್ತದೆ. ನಾನು ದಿನವೂ ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ತಲೆ ಸವರುತ್ತೇನೆ. ಅಲುಗಾಡದೆ ಇರುವುದರಿಂದ ಅದಕ್ಕೆ ಹಿತವಾಗುತ್ತಿದೆ ಎಂದುಕೊಂಡಿದ್ದೇನೆ. ನಮ್ಮ ಅತ್ತೆಯವರು ಮಾತ್ರ, 'ಎಳೆದು ತಂದು ಎಲ್ಲರ ಮಧ್ಯೆ ಕೂರಿಸಿ, ಎರಡೇ ದಿನದಲ್ಲಿ ಹೊಂದಿಕೊಳ್ಳುತ್ತದೆ' ಎನ್ನುತ್ತಾರೆ. ಯಾರು ಸರಿ?

ಉತ್ತರ: ಇಬ್ಬರೂ ಅಲ್ಲ, ಆದರೆ ತಿದ್ದಿಕೊಳ್ಳುವುದು ಕಷ್ಟವೇನಲ್ಲ. ರಾತ್ರಿಯಾದರೂ ತಿನ್ನುತ್ತಿರುವುದು ಒಳ್ಳೆಯ ಸುದ್ದಿ. ಆಶ್ರಯತಾಣಕ್ಕೆ ಹೊಸದಾಗಿ ಬಂದ ನಾಯಿಗಳ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಮೊದಲ ದಿನಗಳಲ್ಲಿ ಏರಿರುವುದನ್ನು ಅಳೆದು ನೋಡಿದ್ದಾರೆ. ನಿಮ್ಮ ನಾಯಿ ಆಶ್ರಯತಾಣ, ವ್ಯಾನು, ಹೊಸ ಮನೆ ಎಂದು ಒಂದರ ಮೇಲೊಂದು ಬದಲಾವಣೆ ಕಂಡಿದೆ. ಹನ್ನೊಂದು ದಿನ ಅದಕ್ಕೆ ಏನೇನೂ ಅಲ್ಲ.

ಸವರುವುದನ್ನು ಇಂದೇ ನಿಲ್ಲಿಸಿ. ಹಿಂದೆ ಗೋಡೆ, ಮುಂದೆ ನೀವು. ಅದು ಓಡಲು ಜಾಗವಿಲ್ಲದೆ ಸುಮ್ಮನಿದೆ. ನಿಮ್ಮ ದೃಷ್ಟಿಯಲ್ಲಿ ಅದು ಮುದ್ದಿನ ಅರ್ಧ ಗಂಟೆ, ಅದರ ಪಾಲಿಗೆ ಸಹಿಸಬೇಕಾದ ಅರ್ಧ ಗಂಟೆ. ಮುಂದೆ ಎಂದಾದರೂ ಅದೇ ಬಳಿಗೆ ಬಂದಾಗ ಕೊರಳ ಕೆಳಗೆ ಮೂರು ಸೆಕೆಂಡು ಕೆರೆದು ಕೈ ಹಿಂದಕ್ಕೆ ತೆಗೆದುಕೊಳ್ಳಿ. ಇನ್ನೂ ಬೇಕಾಗಿದ್ದರೆ ನಾಯಿ ಮೈಯನ್ನು ಕೈಗೆ ತಾಗಿಸುತ್ತದೆ, ಬೇಡವಾಗಿದ್ದರೆ ಅಲ್ಲೇ ನಿಲ್ಲುತ್ತದೆ ಅಥವಾ ಸರಿಯುತ್ತದೆ. ಈ ಕೇಳುವ ಕ್ರಮವನ್ನು ಮನೆಯವರೆಲ್ಲ ಕಲಿಯಬೇಕು.

ಎಳೆದು ತರುವುದರ ಪರಿಣಾಮ ಇನ್ನೂ ಕೆಟ್ಟದು. ಹಾಗೆ ಮಾಡಿದಾಗ ಕೆಲವು ನಾಯಿಗಳು ನಿಜವಾಗಿಯೂ ಎರಡು ದಿನದಲ್ಲಿ ಸುಮ್ಮನಾಗುತ್ತವೆ. ಅತ್ತೆಯವರು ಅಂಥದ್ದನ್ನು ಕಂಡಿರಲೂಬಹುದು, ಆದರೆ ಆ ಸುಮ್ಮನಿರುವಿಕೆ ಹೊಂದಾಣಿಕೆಯಲ್ಲ, ಕೈಚೆಲ್ಲಿದ ಸ್ಥಿತಿ. ಇನ್ನು ಕೆಲವು, ಗುರ್ರೆಂದು ಎಚ್ಚರಿಸಿದರೂ ಯಾರೂ ಕೇಳಲಿಲ್ಲವೆಂದು ಮುಂದಿನ ಸಲ ಎಚ್ಚರಿಕೆ ಕೊಡದೆಯೇ ಕಚ್ಚುತ್ತವೆ.

ಮೂಲೆಯನ್ನು ಕಿತ್ತುಕೊಳ್ಳಬೇಡಿ, ಅದನ್ನೇ ಉತ್ತಮಪಡಿಸಿ. ಮೇಲೆ ಮರೆ, ಹಿಂದೆ ಗೋಡೆ, ಹೊರಬರಲು ಎರಡು ದಾರಿ, ಹತ್ತಿರದಲ್ಲೇ ನೀರು ಇರಲಿ. ಉಚ್ಚೆಗೆ ಹೀರುಹಾಳೆ ಹಾಸಿದ ಜಾಗಕ್ಕೆ ಹೋಗುವ ದಾರಿ ನಿಮ್ಮ ಕುರ್ಚಿಗಳ ನಡುವೆ ಹಾದುಹೋಗದಿರಲಿ. ಅದು ಕೋಣೆಯಲ್ಲೇ ಹೊಯ್ಯುವುದಕ್ಕೆ ಅರ್ಧ ಕಾರಣ, ನಿಮ್ಮನ್ನು ದಾಟಿ ಹೋಗುವ ಧೈರ್ಯವಿಲ್ಲದಿರುವುದು. ಬೈಯದೆ ಒರೆಸಿ.

ಸಂಜೆ ಒಂದೇ ಹೊತ್ತಿಗೆ, ಮೂಲೆಯಿಂದ ಸಾಕಷ್ಟು ದೂರದಲ್ಲಿ, ನಾಯಿಗೆ ಮಗ್ಗುಲು ತೋರಿಸಿ ನೆಲದ ಮೇಲೆ ಕುಳಿತು ಏನನ್ನಾದರೂ ಓದುತ್ತಿರಿ. ನಡುನಡುವೆ ಅದಕ್ಕೆ ಬಹಳ ಇಷ್ಟವಾದ ತಿನಿಸಿನ ಚೂರೊಂದನ್ನು ಎಸೆಯಿರಿ, ಆದರೆ ನಿಮ್ಮ ಕಡೆಗಲ್ಲ, ನಾಯಿಯ ಆಚೆ ಬದಿಗೆ. ಇದು ವಿಚಿತ್ರವೆನಿಸಬಹುದು. ಅಂಗೈಯಲ್ಲಿ ತಿನಿಸು ಹಿಡಿದು ಕರೆದರೆ ಹಸಿವು ನಾಯಿಯನ್ನು ಅದರ ಧೈರ್ಯಕ್ಕಿಂತ ಹತ್ತಿರ ಎಳೆದು ತರುತ್ತದೆ. ತಿಂದು ಮುಗಿದ ಕ್ಷಣ ತಾನೆಲ್ಲಿದ್ದೇನೆಂದು ನೋಡಿ ಬೆಚ್ಚುತ್ತದೆ, ಮರುದಿನ ಎರಡು ಹೆಜ್ಜೆ ಹಿಂದೆ ಹೋಗುತ್ತದೆ. ಆಚೆಗೆ ಎಸೆದಾಗ ತಿನ್ನುವುದಕ್ಕೂ ನಿಮ್ಮಿಂದ ದೂರವಾಗುವುದಕ್ಕೂ ಗಂಟುಬಿದ್ದು, ಮತ್ತೆ ಬಳಿಗೆ ಬರುವುದು ಪೂರ್ತಿಯಾಗಿ ಅದರ ಸ್ವಂತ ನಿರ್ಧಾರವಾಗುತ್ತದೆ. ಆಗ ಮುಖ ನೋಡಬೇಡಿ, ಹಿಂಗಾಲುಗಳನ್ನು ನೋಡಿ. ಮೊದಮೊದಲು ಮುಂಗಾಲು ಚಾಚಿ, ಕತ್ತು ನೀಳವಾಗಿಸಿ ಮೂಸುವಾಗಲೂ ಹಿಂಗಾಲುಗಳು ಓಡುವುದಕ್ಕೆಂದು ಹಿಂದೆಯೇ ಊರಿಕೊಂಡಿರುತ್ತವೆ. ಎಂದು ಆ ಹಿಂಗಾಲುಗಳು ಮೈಯ ಕೆಳಗೆ ಬಂದು ನಿಲ್ಲುತ್ತವೆಯೋ ಅಂದು ನಾಯಿಗೆ ಓಡುವ ಯೋಚನೆ ಕಡಿಮೆಯಾಗಿದೆ ಎಂದು ತಿಳಿಯಬಹುದು. ಇದಕ್ಕೆ ನಾಲ್ಕು ದಿನವೂ ಹಿಡಿಯಬಹುದು, ನಾಲ್ಕು ತಿಂಗಳೂ ಹಿಡಿಯಬಹುದು. ಹೊಸ ನಾಯಿ ಮನೆಗೆ ಹೊಂದಿಕೊಳ್ಳಲು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದು ಬಾಯಿಂದ ಬಾಯಿಗೆ ಹರಿದಾಡುವ ಲೆಕ್ಕವನ್ನು ನಾನು ನಂಬುವುದಿಲ್ಲ. ಅದನ್ನು ನಾಯಿಗಳಿಗೆ ಯಾರೂ ತಿಳಿಸಿಲ್ಲ.

ಅತ್ತೆಯವರಿಗೂ ಒಂದು ಕೆಲಸ ಕೊಡಿ: ದಿನವೂ ಅದೇ ಕುರ್ಚಿಯಲ್ಲಿ ಅದೇ ಹೊತ್ತು ಕುಳಿತು ನಾಯಿಯನ್ನು ಸ್ವಲ್ಪವೂ ಗಮನಿಸದಿರುವುದು. ಇಂಥ ನಾಯಿಗಳು ಮೊದಲು ಹೋಗಿ ಮೂಸುವುದು ಎಷ್ಟೋ ಸಲ ಮನೆಯಲ್ಲಿ ಅತಿ ಕಡಿಮೆ ಓಡಾಡುವವರನ್ನು. ಇಷ್ಟಾಗಿಯೂ ಒಂದೆರಡು ದಿನ ಅನ್ನನೀರು ಮುಟ್ಟದಿದ್ದರೆ, ಉಚ್ಚೆಯನ್ನೇ ಮಾಡದಿದ್ದರೆ, ಅಥವಾ ವಾರಗಳು ಕಳೆದರೂ ನಡುಕ ನಿಲ್ಲದಿದ್ದರೆ ಪಶುವೈದ್ಯರನ್ನು ಕಾಣಿ. ಆತಂಕ ತಗ್ಗಿಸುವ ಫ್ಲುಯಾಕ್ಸೆಟಿನ್‌ನಂಥ ಔಷಧಿಗಳನ್ನು ಅವರು ಸೂಚಿಸಬಹುದು. ಅವು ಕೆಲಸ ಮಾಡಲು ನಾಲ್ಕಾರು ವಾರ ಬೇಕು, ನಾಯಿಯನ್ನು ಮಂಕಾಗಿಸುವುದು ಅವುಗಳ ಉದ್ದೇಶವಲ್ಲ.

ಪ್ರಶ್ನೆ: ನಮ್ಮ ನಾಯಿ ಇಷ್ಟು ದಿನ ಬೇರೆ ಭಾಷೆ ಕೇಳಿ ಬೆಳೆದಿದೆ. ನಮ್ಮ ಮಾತು ಅದಕ್ಕೆ ಅರ್ಥವಾಗುವುದೇ? ಆ ಭಾಷೆಯ ಕೆಲವು ಪದಗಳನ್ನು ನಾವೇ ಕಲಿಯಬೇಕೇ?

ಉತ್ತರ: ವ್ಯತ್ಯಾಸ ಅದಕ್ಕೆ ಗೊತ್ತಾಗುತ್ತದೆ. ಬುಡಾಪೆಸ್ಟ್‌ನ ವಿಶ್ವವಿದ್ಯಾಲಯವೊಂದರ ಸಂಶೋಧಕರು 18 ನಾಯಿಗಳನ್ನು ಮಿದುಳಿನ ಸ್ಕ್ಯಾನರಿನಲ್ಲಿ ಅಲುಗದೆ ಮಲಗಲು ಕಲಿಸಿ ಸ್ಪ್ಯಾನಿಷ್ ಮತ್ತು ಹಂಗೇರಿಯನ್ ಮಾತು ಕೇಳಿಸಿದಾಗ, ಪರಿಚಿತ ಭಾಷೆಗೂ ಅಪರಿಚಿತ ಭಾಷೆಗೂ ಮಿದುಳು ಬೇರೆ ಬೇರೆಯಾಗಿ ಸ್ಪಂದಿಸಿತೆಂದು 2022ರಲ್ಲಿ ಪ್ರಕಟಿಸಿದರು. ಆದರೆ ಆಶ್ರಯತಾಣದ ನಾಯಿಗೆ ಯಾರೂ ಹೆಚ್ಚು ಪದಗಳನ್ನು ಕಲಿಸಿರುವುದಿಲ್ಲ. ನಿಮ್ಮ ಭಾಷೆಯಲ್ಲೇ, ತಗ್ಗಿದ ದನಿಯಲ್ಲಿ, ಒಂದು ಕೆಲಸಕ್ಕೆ ಒಂದೇ ಪದ ಬಳಸಿ. ಕೈಸನ್ನೆಯನ್ನು ಅದು ಪದಕ್ಕಿಂತ ಬೇಗ ಹಿಡಿಯುತ್ತದೆ. ಹಳೆಯ ಹೆಸರಿಗೆ ನಾಯಿ ಕುಗ್ಗುತ್ತದೆ ಎಂದು ಕಂಡರೆ ಹೆಸರು ಬದಲಿಸುವುದರಲ್ಲಿ ತಪ್ಪಿಲ್ಲ.

ಪ್ರಶ್ನೆ: ಮುಂದಿನ ವಾರ ನಮ್ಮ ನಾಯಿ ಬರುತ್ತದೆ. ಬಂದ ದಿನವೇ ಹೊರಗೆ ನಡೆಸಿಕೊಂಡು ಹೋಗಿ ಸುತ್ತಲಿನ ಪರಿಚಯ ಮಾಡಿಸಬೇಕೆಂದಿದ್ದೇವೆ. ಕೊರಳಪಟ್ಟಿ ಸಾಕೇ?

ಉತ್ತರ: ಪಟ್ಟಿಯೂ ಸಾಲದು, ಸುತ್ತಾಟವೂ ಬೇಡ. ಇಂಥ ನಾಯಿಗಳು ಕಳೆದುಹೋಗುವ ಅಪಾಯ ಮೊದಲ ದಿನಗಳಲ್ಲೇ ಹೆಚ್ಚು, ಅದರಲ್ಲೂ ವ್ಯಾನಿನಿಂದ ಮನೆಯೊಳಗೆ ತರುವ ಆ ಹತ್ತು ಹೆಜ್ಜೆಗಳಲ್ಲಿ. ಬೆದರಿದ ನಾಯಿ ಮುಂದಕ್ಕೆ ಎಳೆಯುವುದಿಲ್ಲ. ತಲೆ ತಗ್ಗಿಸಿ ಹಿಂದಕ್ಕೆ ಜಗ್ಗುತ್ತದೆ, ಆಗ ಕೊರಳಪಟ್ಟಿ ಕಿವಿಗಳ ಮೇಲಿಂದ ಜಾರಿ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಎದೆಗೂ ಬೆನ್ನಿಗೂ ಸುತ್ತುವ ಸಾಮಾನ್ಯ ಹಾರ್ನೆಸ್ಸಿನಿಂದಲೂ ಹೀಗೆಯೇ ನುಸುಳಬಲ್ಲವು. ಪಕ್ಕೆಲುಬು ಮುಗಿಯುವಲ್ಲಿ, ಸೊಂಟದ ಸಣ್ಣ ಭಾಗದಲ್ಲಿ ಇನ್ನೊಂದು ಪಟ್ಟಿ ಬರುವ ಹಾರ್ನೆಸ್ ತೆಗೆದುಕೊಳ್ಳಿ. ಹಾರ್ನೆಸ್ಸಿಗೊಂದು, ಕೊರಳಪಟ್ಟಿಗೊಂದು ಎಂದು ಎರಡು ಹಗ್ಗ ಹಾಕಿ ಒಂದನ್ನು ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳಿ. ವ್ಯಾನಿನ ಬಾಗಿಲು ತೆರೆಯುವ ಮುನ್ನವೇ ಹಗ್ಗ ಕೈಯಲ್ಲಿರಬೇಕು. ಮನೆಯಲ್ಲಿ ಒಳಬಾಗಿಲು ಮುಚ್ಚದೆ ಹೊರಬಾಗಿಲು ತೆರೆಯಬಾರದು. ನನ್ನ ಮನೆಯಲ್ಲಿ ತಾತ್ಕಾಲಿಕವಾಗಿ ಇರಿಸಿಕೊಂಡಿದ್ದ ನಾಯಿಯೊಂದು ತಪ್ಪಿಸಿಕೊಂಡದ್ದು ನಾನೇ, 'ಒಂದು ನಿಮಿಷ ತಾನೆ' ಎಂದು, ಈ ಎರಡು ಬಾಗಿಲುಗಳ ನಿಯಮವನ್ನು ಮುರಿದಾಗ. ಅದು ಸಿಕ್ಕಲು ಆರು ದಿನ ಬೇಕಾಯಿತು.

ಹಾಗೇನಾದರೂ ಆದರೆ ಕೂಗುತ್ತ ಬೆನ್ನಟ್ಟಬೇಡಿ, ಊರವರನ್ನೂ ಬೆನ್ನಟ್ಟಲು ಬಿಡಬೇಡಿ. ಅಟ್ಟಿದಷ್ಟೂ ಅದು ದೂರ ಓಡುತ್ತದೆ. ಕೊನೆಯದಾಗಿ ಕಂಡ ಜಾಗದಲ್ಲಿ ಅದೇ ಹೊತ್ತಿಗೆ ಆಹಾರವನ್ನೂ, ಅದು ಮಲಗಿದ್ದ ಬಟ್ಟೆಯನ್ನೂ ಇಟ್ಟು, ಅಲ್ಲಿಗೆ ಬರುವ ರೂಢಿ ಬೆಳೆದ ಮೇಲೆ ಬೋನಿನಲ್ಲಿ ಹಿಡಿಯುವುದೇ ಬಹುತೇಕ ಫಲಿಸುವ ದಾರಿ. ಮೈಕ್ರೋಚಿಪ್ಪಿನ ಸಂಖ್ಯೆಯನ್ನು ನಿಮ್ಮ ದೇಶದ ನೋಂದಣಿಯಲ್ಲಿ ನಿಮ್ಮ ಹೆಸರಿಗೆ ಬರೆಸುವುದನ್ನು ನಾಯಿ ಬಂದ ದಿನವೇ ಮುಗಿಸಿ, ಇಲ್ಲವಾದರೆ ಸಿಕ್ಕ ನಾಯಿಯ ವಿಳಾಸ ಕಡಲಾಚೆಯ ಆಶ್ರಯತಾಣವನ್ನೇ ತೋರಿಸುತ್ತದೆ. ಸುತ್ತಾಟವಿಲ್ಲದೆ ಕೆಲವು ವಾರ ಕಳೆದರೆ ನಾಯಿಗೇನೂ ಆಗುವುದಿಲ್ಲ.

ಪ್ರಶ್ನೆ: ಏಳು ತಿಂಗಳಾಯಿತು. ನಾಯಿ ನನ್ನೊಬ್ಬಳ ಬಳಿ ಮಾತ್ರ ಬರುತ್ತದೆ. ಮಗನಿಗೆ ಹದಿನಾರು ವರ್ಷ. ಅವನು ಎದ್ದು ನಿಂತರೆ ಸಾಕು, ಓಡಿಹೋಗುತ್ತದೆ. ಅತಿಥಿಗಳು ಬಂದರೆ ಇಡೀ ದಿನ ನಡುಗುತ್ತದೆ. ಯಾರನ್ನೂ ಕಚ್ಚಿಲ್ಲ. ನಾನು ಸ್ನಾನಕ್ಕೆ ಹೋದರೆ ಹೊರಗೆ ಬಾಗಿಲಿಗೆ ಬೆನ್ನು ಒತ್ತಿ ಮಲಗಿರುತ್ತದೆ. ಮಗನಿಗೆ ಬಹಳ ಬೇಸರವಾಗಿದೆ. ಹಿಂದಕ್ಕೆ ಕೊಟ್ಟುಬಿಡುವುದು ಒಳ್ಳೆಯದೇ?

ಉತ್ತರ: ನೀವು ಬರೆದ ನಾಯಿಯನ್ನು ನಾನಾದರೆ ಹಿಂದಕ್ಕೆ ಕೊಡುವುದಿಲ್ಲ. ಕಚ್ಚುವ ಅಪಾಯವಿದ್ದಿದ್ದರೆ, ಮನೆಯಲ್ಲಿ ಪುಟ್ಟ ಮಕ್ಕಳಿದ್ದಿದ್ದರೆ, ಅಥವಾ ನಿಮ್ಮ ಸ್ವಂತ ನಿದ್ದೆ ಆರೋಗ್ಯಗಳೇ ಹಾಳಾಗಿದ್ದರೆ ಬೇರೆ ಮಾತು. ಆಗಲೂ ಕಡಲು ದಾಟಿಸಿ ವಾಪಸ್ ಕಳಿಸುವುದಲ್ಲ. ಸಂಸ್ಥೆಯ ಮೂಲಕ ಹತ್ತಿರದಲ್ಲೇ, ಸೌಮ್ಯ ಸ್ವಭಾವದ ಇನ್ನೊಂದು ನಾಯಿಯಿರುವ ನಿಶ್ಶಬ್ದ ಮನೆಯೊಂದನ್ನು ಹುಡುಕುವುದು ಸರಿ. ಹಾಗೆ ಮಾಡಿದವರನ್ನು ನಾನು ದೂರುವುದಿಲ್ಲ.

ನಿಮ್ಮ ಸಮಸ್ಯೆ ಎರಡು ಬಗೆಯದು. ಅತಿಥಿಗಳ ವಿಷಯ ಸುಲಭ: ಅವರು ಬರುವ ಮೊದಲೇ ನಾಯಿಯನ್ನು ಅದರ ಕೋಣೆಗೆ ಸೇರಿಸಿ, ಅಗಿಯಲು ಏನಾದರೂ ಕೊಟ್ಟು ಬಾಗಿಲು ಮುಚ್ಚಿ, 'ನನಗೆ ನಾಯಿಗಳೆಂದರೆ ಪ್ರಾಣ, ನನ್ನ ಹತ್ತಿರ ಬಂದೇ ಬರುತ್ತದೆ' ಎನ್ನುವ ನೆಂಟರಿಗೂ ಆ ಬಾಗಿಲು ತೆರೆಯಬೇಡಿ. ಅದು ಎಲ್ಲರನ್ನೂ ಪ್ರೀತಿಸಬೇಕೆಂಬ ನಿಯಮವೇನೂ ಇಲ್ಲ. ಮಗನ ವಿಷಯಕ್ಕೆ ಸ್ವಲ್ಪ ಶ್ರಮ ಬೇಕು. ಎತ್ತರದ ಹುಡುಗ ಥಟ್ಟನೆ ಎದ್ದಾಗ ನಾಯಿ ಕಾಣುವುದು ಅವನನ್ನಲ್ಲ, ಮೇಲೇಳುವ ಒಂದು ಆಕಾರವನ್ನು; ಆದ್ದರಿಂದ ಏಳುವ ಮೊದಲು ಪ್ರತಿಸಲ ಒಂದೇ ಪದ ಹೇಳಿ, ಒಂದು ಚೂರು ತಿನಿಸನ್ನು ನಾಯಿಯ ಆಚೆಗೆ ಎಸೆದು, ಬಳಿಕ ನಿಧಾನವಾಗಿ ಏಳಲಿ. ಇನ್ನು ಮುಂದೆ ಎರಡು ಹೊತ್ತಿನ ಊಟವನ್ನೂ ಅವನೇ ಇಟ್ಟು, ನಿಲ್ಲದೆ, ಕರೆಯದೆ ಹೊರಟುಹೋಗಲಿ. ನೀವು ಆ ಹೊತ್ತಿನಲ್ಲಿ ಅಲ್ಲಿರಬೇಡಿ. ನಾಯಿ ಎಷ್ಟು ದೂರದಲ್ಲಿ ನಿಂತು ಅವನನ್ನು ನೋಡಿತು ಎಂಬುದನ್ನು ದಿನವೂ ಹೆಜ್ಜೆಯ ಲೆಕ್ಕದಲ್ಲಿ ಅವನೇ ಬರೆದಿಡಲಿ. ಆರು ವಾರಗಳ ನಂತರ ಆ ಪುಟವನ್ನು ನನಗೆ ಕಳುಹಿಸಿ, ಮುಂದಿನ ಹೆಜ್ಜೆಯನ್ನು ಅದನ್ನು ನೋಡಿ ಹೇಳುತ್ತೇನೆ.